ಕಾರಿನ ಆಂಟೆನಾ ಕೈಕೊಟ್ಟಾಗ: ವಿಪ್ ಕತ್ತರಿಸುವ ಮೊದಲು ನೋಡಬೇಕಾದ ಜಾಗಗಳು

ಪ್ರಶ್ನೆ: ನಾನು ಸುಳ್ಯದ ಕಡೆಯ ಹವ್ಯಾಸಿ ರೇಡಿಯೊ ಪರವಾನಗಿದಾರ. ಕಾರಿನಲ್ಲಿ 2 ಮೀಟರ್ ಬ್ಯಾಂಡಿನ (144ರಿಂದ 146 ಮೆಗಾಹರ್ಟ್ಸ್) 50 ವ್ಯಾಟ್ ರೇಡಿಯೊ ಇದೆ. ಡಿಕ್ಕಿ ಬಾಗಿಲಿನ ಅಂಚಿಗೆ ಕ್ಲಾಂಪ್ ಹಾಕಿ ಕಾಲು ತರಂಗದ ವಿಪ್ (ತರಂಗದ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ ಆಂಟೆನಾ) ನಿಲ್ಲಿಸಿದ್ದೇನೆ. ಕೇಬಲ್ 5 ಮೀಟರ್ ಆರ್‌ಜಿ-58. ಹಾಕಿದ ಹೊಸತರಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಎಂಬ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.4 ಇತ್ತು. ಒಂದು ಮಳೆಗಾಲ ಕಳೆದ ಮೇಲೆ 2.5 ತೋರಿಸುತ್ತಿದೆ. ಮಳೆ ಸುರಿಯುವಾಗ 3 ದಾಟುತ್ತದೆ, ಒಮ್ಮೊಮ್ಮೆ ತಾನಾಗಿಯೇ 1.5ಕ್ಕೆ ಇಳಿಯುತ್ತದೆ. ಚಕ್ರ ಗುಂಡಿಗೆ ಇಳಿದಾಗ ರಿಪೀಟರ್ (ನಮ್ಮ ಸಿಗ್ನಲ್ಲನ್ನು ಎತ್ತರದ ಜಾಗದಿಂದ ಮರುಪ್ರಸಾರ ಮಾಡುವ ಕೇಂದ್ರ) ತಪ್ಪಿಹೋಗುತ್ತದೆ. ವಿಪ್ಪನ್ನು 1 ಸೆಂ.ಮೀ. ಕತ್ತರಿಸಿ ನೋಡಿದೆ, ಸುಧಾರಿಸಲಿಲ್ಲ. ಮಲ್ಟಿಮೀಟರಿನಲ್ಲಿ ಕೇಬಲ್ಲಿಗೆ ಶಾರ್ಟ್ ಇಲ್ಲ, ಕ್ಲಾಂಪಿನಿಂದ ಕಾರಿನ ಲೋಹದ ಬಾಡಿಗೆ ಸಂಪರ್ಕವೂ ಇದೆ. ಹೊಸ ಆಂಟೆನಾ ಕೊಳ್ಳಬೇಕೆ? ಮುಂದೆ ಇದೇ ಕ್ಲಾಂಪಿನ ಮೇಲೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಆಂಟೆನಾವನ್ನೂ ಹಾಕಬಹುದೆ?

ಉತ್ತರ: ಹೊಸ ಆಂಟೆನಾ ಸದ್ಯಕ್ಕೆ ಬೇಡ, ಇರುವ ವಿಪ್ಪಿಗೆ ಮತ್ತೆ ಕಟರ್ ತಾಗಿಸುವುದಂತೂ ಬೇಡವೇ ಬೇಡ. ನೀವು ಬರೆದ ಲಕ್ಷಣಗಳಲ್ಲಿಯೇ ಉತ್ತರದ ಹೆಚ್ಚಿನ ಪಾಲು ಇದೆ. ಮಳೆಯಲ್ಲಿ ಎಸ್‌ಡಬ್ಲ್ಯುಆರ್ ಏರುತ್ತದೆ, ಕಾರು ಕುಲುಕಿದಾಗ ಸಿಗ್ನಲ್ ತಪ್ಪುತ್ತದೆ, ಯಾರೂ ಮುಟ್ಟದೆಯೇ ಕೆಲವೊಮ್ಮೆ ಎಲ್ಲವೂ ಸರಿಹೋಗುತ್ತದೆ. ಉಕ್ಕಿನ ಕಡ್ಡಿಯ ಉದ್ದ ಮಳೆಗೂ ಬದಲಾಗದು, ಗುಂಡಿಗೂ ಬದಲಾಗದು. ತಾನಾಗಿ ಕೆಟ್ಟು ತಾನಾಗಿ ಸರಿಹೋಗುವ ದೋಷವನ್ನು ಎರಡು ಲೋಹಗಳು ಕೂಡುವ ಜಾಗದಲ್ಲಿ ಹುಡುಕಬೇಕು: ಕನೆಕ್ಟರಿನ ಬೆಸುಗೆಯಲ್ಲಿ, ಕ್ಲಾಂಪಿನ ಸ್ಕ್ರೂವಿನಲ್ಲಿ, ಡಿಕ್ಕಿಯ ಕೀಲಿನಲ್ಲಿ, ವಿಪ್ಪಿನ ಬುಡದಲ್ಲಿ. ನಿಮ್ಮಲ್ಲಿ ಎರಡು ದೋಷಗಳು ಒಟ್ಟಿಗೆ ಇರಬಹುದು ಎಂಬುದು ನನ್ನ ಊಹೆ. ಒಂದು, ಕ್ಲಾಂಪ್ ಬಾಡಿಯ ತಗಡನ್ನು ಕಚ್ಚಿ ಹಿಡಿದಿದ್ದ ಜಾಗ ತುಕ್ಕು ಹಿಡಿದಿದೆ. ಎರಡು, ಕೇಬಲ್ಲಿನ ಹೊರ ಹೆಣಿಗೆಗೆ (ನಡುತಂತಿಯನ್ನು ಸುತ್ತುವರಿದ ತಂತಿಯ ಜಾಲರಿ) ನೀರು ಇಳಿದಿದೆ. ಆದರೆ ಊಹೆಯ ಮೇಲೆ ಕೆಲಸ ಮಾಡಬಾರದು. ರೇಡಿಯೊ, ಕೇಬಲ್, ಗ್ರೌಂಡ್ (ವಿಪ್ಪಿನ ಕೆಳಗಿನ ತಗಡಿನೊಡನೆ ಸಂಪರ್ಕ), ವಿಪ್ ಎಂಬ ನಾಲ್ಕನ್ನೂ ಒಂದರಿಂದ ಒಂದು ಬೇರ್ಪಡಿಸಿ ಇದೇ ಕ್ರಮದಲ್ಲಿ ಪರೀಕ್ಷಿಸಬೇಕು, ಮತ್ತು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು.

ಮೊದಲು ಮೀಟರಿನ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳೋಣ. ಎಸ್‌ಡಬ್ಲ್ಯುಆರ್ ಮೀಟರ್, ತಾನಿರುವ ಜಾಗದಿಂದ ಮುಂದಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗಿತು ಎಂಬುದನ್ನು ಮಾತ್ರ ಹೇಳುತ್ತದೆ. ಹಿಂದಿರುಗದೆ ಉಳಿದದ್ದು ಗಾಳಿಗೆ ಸೇರಿತೋ, ಕೇಬಲ್ಲನ್ನು ಬಿಸಿಮಾಡಿತೋ ಎಂಬುದು ಅದಕ್ಕೆ ಗೊತ್ತಿಲ್ಲ. ಎಸ್‌ಡಬ್ಲ್ಯುಆರ್ 1.5 ಇದ್ದರೆ ಶೇ. 4ರಷ್ಟು, 2 ಇದ್ದರೆ ಶೇ. 11ರಷ್ಟು, 3 ಇದ್ದರೆ ಶೇ. 25ರಷ್ಟು ಶಕ್ತಿ ಮರಳಿ ಬರುತ್ತದೆ. ನಿಮ್ಮ 2.5ರ ಲೆಕ್ಕದಲ್ಲಿ ಮರಳುವುದು ಸುಮಾರು ಶೇ. 18, ಇದು 1 ಡೆಸಿಬಲ್ಲಿಗಿಂತ ಕಡಿಮೆ (3 ಡೆಸಿಬಲ್ ನಷ್ಟವೆಂದರೆ ಶಕ್ತಿ ಅರ್ಧಕ್ಕೆ ಇಳಿದಂತೆ). ಕೇವಲ ಅಷ್ಟರಿಂದ ರಿಪೀಟರ್ ಕೈತಪ್ಪುವುದಿಲ್ಲ. ಸಿಗ್ನಲ್ ತಪ್ಪುವಷ್ಟು ನಷ್ಟ ಆಗುತ್ತಿದೆ ಎಂದರೆ, ಒಂದೋ ರೇಡಿಯೊ ತನ್ನ ರಕ್ಷಣೆಗಾಗಿ ಪವರ್ ತಗ್ಗಿಸಿಕೊಳ್ಳುತ್ತಿದೆ, ಇಲ್ಲವೇ ಶಕ್ತಿ ಮೀಟರಿಗೆ ಕಾಣದ ಕಡೆ ಸೋರಿಹೋಗುತ್ತಿದೆ. ಇನ್ನೊಂದು ಮಾತು: ಒಳ್ಳೆಯ ತಗಡಿನ ಮೇಲೆ ನಿಂತ ಕಾಲು ತರಂಗದ ವಿಪ್ಪಿನ ಇಂಪೀಡೆನ್ಸ್ (ರೇಡಿಯೊ ಆವರ್ತನದ ಕರೆಂಟಿಗೆ ಅದು ಒಡ್ಡುವ ತಡೆ) ಸುಮಾರು 36 ಓಂ. 50 ಓಂ ಕೇಬಲ್ಲಿಗೆ ಅದನ್ನು ಜೋಡಿಸಿದಾಗ ಎಸ್‌ಡಬ್ಲ್ಯುಆರ್ 1.3ರಿಂದ 1.4 ಬರುವುದೇ ಸರಿ. ಹೊಸತರಲ್ಲಿ ನೀವು ಕಂಡ 1.4 ಆಂಟೆನಾ ಆರೋಗ್ಯವಾಗಿತ್ತು ಎಂಬುದಕ್ಕೆ ಸಾಕ್ಷಿ, ಅದನ್ನು 1.0ಕ್ಕೆ ಇಳಿಸಬೇಕೆಂಬ ಹಟ ಯಾರಿಗೂ ಬೇಕಿಲ್ಲ.

ಇದರ ಇನ್ನೊಂದು ಮುಖವನ್ನು ಅನೇಕರು ಗಮನಿಸುವುದಿಲ್ಲ. ನಷ್ಟ ಹೆಚ್ಚಿರುವ ಕೇಬಲ್ ಕೆಟ್ಟ ಎಸ್‌ಡಬ್ಲ್ಯುಆರನ್ನು ಒಳ್ಳೆಯದಾಗಿ ತೋರಿಸುತ್ತದೆ, ಏಕೆಂದರೆ ಆಂಟೆನಾದಿಂದ ಮರಳುವ ಶಕ್ತಿ ಮೀಟರ್ ತಲುಪುವ ಮೊದಲೇ ದಾರಿಯಲ್ಲಿ ಕರಗಿಹೋಗಿರುತ್ತದೆ. 145 ಮೆಗಾಹರ್ಟ್ಸಿನಲ್ಲಿ ಆರ್‌ಜಿ-58 ಕೇಬಲ್ ಮೀಟರಿಗೆ ಸುಮಾರು 0.2 ಡೆಸಿಬಲ್ ತಿನ್ನುತ್ತದೆ, ಅಂದರೆ ನಿಮ್ಮ 5 ಮೀಟರಿಗೆ ಸುಮಾರು 1 ಡೆಸಿಬಲ್. ಇಂಥ ಕೇಬಲ್ಲಿನ ತುದಿಯಲ್ಲಿ ಆಂಟೆನಾವನ್ನೇ ಬಿಚ್ಚಿಟ್ಟರೂ ರೇಡಿಯೊ ಕಡೆಯ ಮೀಟರ್ ಅನಂತವನ್ನು ತೋರಿಸುವುದಿಲ್ಲ, 8.7ರ ಆಸುಪಾಸು ತೋರಿಸುತ್ತದೆ. ಅದೇ ಕೇಬಲ್ ನೀರು ಕುಡಿದು 3 ಡೆಸಿಬಲ್ ತಿನ್ನುವ ಸ್ಥಿತಿಗೆ ಬಂದಿದ್ದರೆ, ಆಂಟೆನಾ ಇಲ್ಲದೆಯೂ ಕೇವಲ 3 ತೋರಿಸುತ್ತದೆ. ಮಳೆಯಲ್ಲಿ ನಿಮಗೆ ಕಾಣುತ್ತಿರುವ 3 ಯಾವ ಬಗೆಯದು ಎಂದು ತಿಳಿಯದೆ ವಿಪ್ಪಿನ ಉದ್ದದ ಬಗ್ಗೆ ಯೋಚಿಸುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಗೆ ಬೇಕಾದ ಸಾಮಾನು ಹೆಚ್ಚಿಲ್ಲ: ವಿಎಚ್‌ಎಫ್‌ಗೆ (2 ಮೀಟರ್ ಬ್ಯಾಂಡ್ ಸೇರುವ ಆವರ್ತನ ವ್ಯಾಪ್ತಿ) ಹೊಂದುವ 50 ಓಂ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ಪ್ರತಿರೋಧ), ಅದೇ ಆವರ್ತನಕ್ಕೆ ಹೊಂದುವ ಎಸ್‌ಡಬ್ಲ್ಯುಆರ್ ಮತ್ತು ಪವರ್ ಮೀಟರ್, ಮಲ್ಟಿಮೀಟರ್, ಸಾಧ್ಯವಾದರೆ ಒಂದು ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ಲುಗಳ ಗುಣವನ್ನು ಆವರ್ತನಕ್ಕೆ ತಕ್ಕಂತೆ ಗೆರೆಯಾಗಿ ತೋರಿಸುವ ಪುಟ್ಟ ಉಪಕರಣ). ಇವತ್ತು ನ್ಯಾನೋವಿಎನ್‌ಎ ಸಾಮಾನ್ಯರ ಕೈಗೆಟಕುವ ಬೆಲೆಗೆ ಸಿಗುತ್ತದೆ. ಇಬ್ಬರು ಮೂವರು ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಸೇರಿ ಒಂದನ್ನು ಕೊಂಡರೂ ಸಾಕು. ಎರಡು ಎಚ್ಚರಿಕೆಗಳು ಮಾತ್ರ ಇರಲಿ. ಪ್ರಸಾರ ಮಾಡುವ ರೇಡಿಯೊವನ್ನು ಅದಕ್ಕೆ ಎಂದೂ ಜೋಡಿಸಬಾರದು, ಮತ್ತು ಕ್ಯಾಲಿಬ್ರೇಷನ್‌ಗೆಂದು ಅದರೊಡನೆ ಬರುವ ಪುಟ್ಟ ಲೋಡಿಗೆ ರೇಡಿಯೊದ ಪವರ್ ಕೊಡಬಾರದು. ಎರಡೂ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಗಾಳಿಯಲ್ಲಿ ಮಾಡುವ ಪರೀಕ್ಷೆಯನ್ನು ಕಾರು ನಿಲ್ಲಿಸಿ, ಆವರ್ತನ ಖಾಲಿ ಇದೆಯೇ ಎಂದು ಕೇಳಿಸಿಕೊಂಡು, ನಿಮ್ಮ ಕರೆಸಂಕೇತ ಹೇಳಿ, ಕಡಿಮೆ ಪವರಿನಲ್ಲಿಯೇ ಮಾಡಿ. ಕಾರನ್ನು ಪ್ರತಿ ಸಲವೂ ಅದೇ ಬಯಲಿನಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಡಿಕ್ಕಿಯ ಮೇಲೆ ನಿಂತ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಬೀರುವುದಿಲ್ಲ. ತಗಡು ಹೆಚ್ಚಿರುವ ಕಡೆಗೆ, ಅಂದರೆ ಕಾರಿನ ಮುಂಭಾಗದ ಕಡೆಗೆ, ಸ್ವಲ್ಪ ಹೆಚ್ಚು ಬೀರುತ್ತದೆ. ಸಂಪಾಜೆ ಘಾಟಿಯಂಥ ಕಡೆ ತಿರುವಿಗೊಂದು ಗುಡ್ಡ ಅಡ್ಡ ಬರುವಾಗ ರಿಪೀಟರ್ ಬಂದುಹೋಗುವುದು ಸಹಜ. ಅದನ್ನು ಆಂಟೆನಾದ ದೋಷದೊಂದಿಗೆ ಬೆರೆಸಿದರೆ ಹುಡುಕಾಟ ದಾರಿ ತಪ್ಪುತ್ತದೆ.

ಮೊದಲ ಹೆಜ್ಜೆ ರೇಡಿಯೊ ಮತ್ತು ಅದಕ್ಕೆ ಬರುವ ವಿದ್ಯುತ್ತು. ಆಂಟೆನಾ ಕೇಬಲ್ ಬಿಚ್ಚಿ, ಚಿಕ್ಕ ಜಂಪರ್ ಕೇಬಲ್ಲಿನಿಂದ ಡಮ್ಮಿ ಲೋಡ್ ಜೋಡಿಸಿ, ಪೂರ್ತಿ ಪವರಿನಲ್ಲಿ ಪ್ರಸಾರ ಮಾಡುತ್ತ ರೇಡಿಯೊದ ಹಿಂಬದಿಯ ಪವರ್ ಕನೆಕ್ಟರಿನಲ್ಲಿಯೇ ವೋಲ್ಟೇಜ್ ಅಳೆಯಿರಿ. 50 ವ್ಯಾಟ್ ರೇಡಿಯೊ ಪ್ರಸಾರ ಮಾಡುವಾಗ 11 ಆಂಪಿಯರಿನಷ್ಟು ಎಳೆಯುತ್ತದೆ. ಬ್ಯಾಟರಿಯಿಂದ 1 ಚದರ ಮಿ.ಮೀ. ತಂತಿ ಎಳೆದಿದ್ದರೆ, ಹೋಗಿಬರುವ ದೂರ 10 ಮೀಟರ್ ಎಂದುಕೊಂಡರೂ ಅದರಲ್ಲಿಯೇ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. ಎಂಜಿನ್ ಓಡುವಾಗ ಎಲ್ಲವೂ ಸರಿಯಾಗಿದ್ದು, ಎಂಜಿನ್ ನಿಂತಾಗ ಮಾತು ತುಂಡಾಗುತ್ತಿದ್ದರೆ, ಆಂಟೆನಾದ ಮೇಲೆ ಹೊರಿಸಿದ ಆರೋಪ ಈ ತಂತಿಗೆ ಸೇರಬೇಕಾದದ್ದು. ಅಂಥ ಕಡೆ 4 ಚದರ ಮಿ.ಮೀ. ತಂತಿಯನ್ನು ನೇರವಾಗಿ ಬ್ಯಾಟರಿಯಿಂದ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ ತನ್ನಿ. ಡಮ್ಮಿ ಲೋಡಿನಲ್ಲಿ ಎಸ್‌ಡಬ್ಲ್ಯುಆರ್ 1.1ರ ಒಳಗಿದ್ದು ಪವರ್ ಸ್ಥಿರವಾಗಿದ್ದರೆ ರೇಡಿಯೊ, ಜಂಪರ್, ಮೀಟರ್ ಮೂರನ್ನೂ ಪಕ್ಕಕ್ಕಿಡಬಹುದು.

ಎರಡನೆಯದು ಕೇಬಲ್. ವಿಪ್ಪನ್ನು ಬಿಚ್ಚಿ, ಕ್ಲಾಂಪಿನ ಮೇಲಿರುವ ಎಸ್‌ಒ-239 ಸಾಕೆಟ್ಟಿಗೆ ಡಮ್ಮಿ ಲೋಡನ್ನು ತಿರುಗಿಸಿ ಕೂರಿಸಿ. ಈಗ ರೇಡಿಯೊ ಕಡೆ ಎಸ್‌ಡಬ್ಲ್ಯುಆರ್ 1.2 ಮೀರಬಾರದು. ಆದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಮೇಲೆ ಹೇಳಿದಂತೆ ನಷ್ಟ ತುಂಬಿದ ಕೇಬಲ್ಲೂ ಇಲ್ಲಿ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಪವರ್ ಮೀಟರನ್ನು ಒಮ್ಮೆ ಕೇಬಲ್ಲಿನ ಈ ತುದಿಯಲ್ಲಿ, ಇನ್ನೊಮ್ಮೆ ಕ್ಲಾಂಪಿನ ತುದಿಯಲ್ಲಿ ಇಟ್ಟು ಅಳೆಯಿರಿ. ಇಲ್ಲಿ 50 ವ್ಯಾಟ್ ಇದ್ದರೆ ಅಲ್ಲಿ 40ರಷ್ಟು ಸಿಗಬೇಕು. 25 ಸಿಕ್ಕರೆ ಆ ಕೇಬಲ್ಲಿನ ಆಯುಷ್ಯ ಮುಗಿದಿದೆ. ನ್ಯಾನೋವಿಎನ್‌ಎ ಇದ್ದರೆ ಆಚೆ ತುದಿಯನ್ನು ತೆರೆದೇ ಬಿಟ್ಟು 145 ಮೆಗಾಹರ್ಟ್ಸಿನಲ್ಲಿ ಎಸ್‌ಡಬ್ಲ್ಯುಆರ್ ನೋಡುವುದು ಇನ್ನೂ ಸುಲಭ: 8ರ ಮೇಲಿದ್ದರೆ ಕೇಬಲ್ ಗಟ್ಟಿ, 3 ಅಥವಾ 4 ಇದ್ದರೆ ಕೊಳೆತಿದೆ. ಈ ತೆರೆದ ತುದಿಯ ಪರೀಕ್ಷೆಯನ್ನು ರೇಡಿಯೊದ ಪವರಿನಿಂದ ಮಾಡಲೇಬಾರದು.

ಮಲ್ಟಿಮೀಟರಿನಲ್ಲಿ ಶಾರ್ಟ್ ಇಲ್ಲ ಎಂದು ನೀವು ಬರೆದಿದ್ದೀರಿ. ಅದು ಬೇಕಾದ ಮಾಹಿತಿಯೇ, ಆದರೆ ಸಾಕಾಗುವಷ್ಟಲ್ಲ. ನೀರು ಕುಡಿದ ಕೇಬಲ್ ಡಿ.ಸಿ. ಅಳತೆಯಲ್ಲಿ ಎಷ್ಟೋ ಸಲ ಯಾವ ದೋಷವನ್ನೂ ತೋರಿಸುವುದಿಲ್ಲ. ಕಣ್ಣಿನಿಂದ ನೋಡುವುದೇ ಇಲ್ಲಿ ಹೆಚ್ಚು ನಂಬಲರ್ಹ. ಕ್ಲಾಂಪಿನ ತುದಿಯ ಕನೆಕ್ಟರಿನಿಂದ ಎರಡು ಬೆರಳು ಕೆಳಗೆ ಕೇಬಲ್ಲಿನ ಕಪ್ಪು ಹೊದಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಒಳಗಿನ ಹೆಣಿಗೆ ಹೊಸ ತಾಮ್ರದಂತೆ ಅಥವಾ ತವರ ಬಳಿದ ಬಿಳುಪಿನಲ್ಲಿ ಹೊಳೆಯುತ್ತಿರಬೇಕು. ಎಳೆಗಳು ಕಪ್ಪಾಗಿದ್ದರೆ, ನಡುನಡುವೆ ಹಸಿರು ಕಿಲುಬು ಕಂಡರೆ, ಬೆರಳಿನಿಂದ ಉಜ್ಜಿದಾಗ ಪುಡಿ ಉದುರಿದರೆ ನೀರು ಒಳಗೆ ಇಳಿದಿದೆ ಎಂದೇ ಅರ್ಥ. ಹೆಣಿಗೆಯ ಸಣ್ಣ ಎಳೆಗಳ ನಡುವೆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಡುತ್ತ ಹೋಗುತ್ತದೆ. ಹಾಳಾದ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸಾಕು ಎಂದು ಎಣಿಸುವುದು ಬಹುಪಾಲು ವ್ಯರ್ಥ ಪ್ರಯತ್ನ. ಪೂರ್ತಿ ಕೇಬಲ್ ಬದಲಿಸಿ. ಅದು ವಿಪ್ಪಿಗಿಂತ ಅಗ್ಗವೂ ಹೌದು.

ಕನೆಕ್ಟರಿನ ವಿಷಯದಲ್ಲಿ ಮೂರು ಜಾಗ ನೋಡಬೇಕು. ಎಸ್‌ಒ-239 ಸಾಕೆಟ್ಟಿಗೆ ಕೂರುವ ಪಿಎಲ್-259 ಕನೆಕ್ಟರಿನಲ್ಲಿ ನಡುತಂತಿಗೆ ಬೆಸುಗೆ ಹಾಕಿ, ಹೊರ ಹೆಣಿಗೆಯನ್ನು ಸುಮ್ಮನೆ ಮಡಚಿ ತಿರುಗಿಸಿ ಬಿಡುವ ಅಭ್ಯಾಸ ಬಹಳ ಕಡೆ ಇದೆ. ಅದು ಮನೆಯ ರೇಡಿಯೊ ಕೋಣೆಯಲ್ಲಿ ವರ್ಷಗಟ್ಟಲೆ ನಡೆದೀತು, ಕಾರಿನ ನಡುಕಕ್ಕೆ ನಿಲ್ಲುವುದಿಲ್ಲ. ಹೆಣಿಗೆಗೂ ಬೆಸುಗೆ ಹಾಕಬೇಕು, ಇಲ್ಲವೇ ಸರಿಯಾದ ಉಪಕರಣದಿಂದ ಕ್ರಿಂಪ್ ಮಾಡಬೇಕು. ಎರಡನೆಯದಾಗಿ, ರೇಡಿಯೊದ ಹಿಂದೆ ಜಾಗ ಸಾಲದೆಂದು ಹಾಕುವ ಎಲ್ ಆಕಾರದ ಅಡಾಪ್ಟರುಗಳು. ಅಗ್ಗದವುಗಳ ಒಳಗೆ ನಡು ಪಿನ್ ಒಂದು ಸ್ಪ್ರಿಂಗಿನ ಒತ್ತಡದ ಮೇಲೆ ಮಾತ್ರ ನಿಂತಿರುತ್ತದೆ. ಗುಂಡಿಗೆ ಇಳಿದಾಗ ಸಿಗ್ನಲ್ ತಪ್ಪುವ ದೂರು ಬಂದಾಗ ನಾನು ಮೊದಲು ಕೈ ಹಾಕುವುದು ಇದಕ್ಕೇ. ನಿಮ್ಮಲ್ಲಿ ಅದು ಇದ್ದರೆ ತೆಗೆದುಹಾಕಿ. ಮೂರನೆಯದು, ಡಿಕ್ಕಿಯ ಬೀಡಿಂಗ್ ಕೆಳಗೆ ಕೇಬಲ್ ಹಾದುಹೋಗುವ ಜಾಗ. ಬಾಗಿಲು ಹಾಕಿದಾಗಲೆಲ್ಲ ಕೇಬಲ್ ಅಲ್ಲಿ ಚಪ್ಪಟೆಯಾಗುತ್ತದೆ. ಬಿಸಿಲಿನಲ್ಲಿ ಕಾದು ಮೆತ್ತಗಾದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ನಡುತಂತಿ ಮೆಲ್ಲನೆ ಒಂದು ಬದಿಗೆ ಸರಿಯುತ್ತದೆ. ಆರ್‌ಜಿ-58 ಇಲ್ಲಿ ದಪ್ಪವೇ. ಈ ಕೊನೆಯ ಅರ್ಧ ಮೀಟರಿಗೆ ಮಾತ್ರ ತೆಳುವಾದ, ಟೆಫ್ಲಾನ್ ಇರುವ ಆರ್‌ಜಿ-316 ಬಳಸಿದ ಮೌಂಟುಗಳು ಸಿಗುತ್ತವೆ. ಹೊಸದು ಕೊಳ್ಳುವುದಾದರೆ ಅಂಥದನ್ನು ನೋಡಿ. ಹೊಸ ಕೇಬಲ್ ಎಳೆಯುವಾಗ ಪಕ್ಕದ ಕಂಬಗಳೊಳಗಿನ ಕರ್ಟನ್ ಏರ್‌ಬ್ಯಾಗಿನ ಮುಂದೆ ಅದು ಹಾಯಬಾರದು ಎಂಬುದನ್ನು ಮರೆಯಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಕೊನೆಯಲ್ಲಿ ನೋಡುವ ಗ್ರೌಂಡಿಗೆ ಬರೋಣ. ಕಾಲು ತರಂಗದ ವಿಪ್ ಎಂಬುದು ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಕೆಳಗಿನ ತಗಡು. ವಿಪ್ಪಿನ ಬುಡದಲ್ಲಿ ಎಷ್ಟು ಕರೆಂಟ್ ಮೇಲಕ್ಕೆ ಹರಿಯುತ್ತದೆಯೋ ಅಷ್ಟೇ ಕರೆಂಟ್ ಕೇಬಲ್ಲಿನ ಹೆಣಿಗೆಯಿಂದ ತಗಡಿಗೆ ಹರಿಯಬೇಕು. ಆಂಟೆನಾಗೆ 40 ವ್ಯಾಟ್ ತಲುಪಿದರೆ ಆ ಕರೆಂಟ್ ಸುಮಾರು 1 ಆಂಪಿಯರ್. ಆ ಕೂಡುವಿಕೆಯಲ್ಲಿ ತುಕ್ಕಿನಿಂದಾಗಿ 10 ಓಂ ಪ್ರತಿರೋಧ ಹುಟ್ಟಿದರೆ ಶಕ್ತಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಯೇ ಬಿಸಿಯಾಗಿ ಹೋಗುತ್ತದೆ. ಸ್ವಾರಸ್ಯವೆಂದರೆ, 36 ಓಂಗೆ 10 ಓಂ ಸೇರಿ 46 ಆಗುವುದರಿಂದ ಆಗ ಎಸ್‌ಡಬ್ಲ್ಯುಆರ್ 1.4ರಿಂದ 1.1ಕ್ಕೆ ಇಳಿದು, ಮೀಟರ್ ನೋಡುವವರಿಗೆ ಆಂಟೆನಾ ಇನ್ನೂ ಚೆನ್ನಾದಂತೆ ಕಾಣುತ್ತದೆ! ತುಕ್ಕು ಇನ್ನೂ ಹೆಚ್ಚಿ ಸಂಪರ್ಕವೇ ಕಡಿದಾಗ, ಕರೆಂಟಿಗೆ ಬೇರೆ ದಾರಿ ಇಲ್ಲದೆ ಅದು ಕೇಬಲ್ಲಿನ ಹೊರಮೈ ಹಿಡಿದು ಕಾರಿನ ಒಳಗೆ ಇಳಿಯುತ್ತದೆ. ಆಗ ಕೇಬಲ್ಲೇ ಆಂಟೆನಾದ ಭಾಗವಾಗುತ್ತದೆ, ಮತ್ತು ಅದು ಎಲ್ಲಿ ಹೇಗೆ ಮಲಗಿದೆ ಎಂಬುದರ ಮೇಲೆ ಎಸ್‌ಡಬ್ಲ್ಯುಆರ್ ಕುಣಿಯತೊಡಗುತ್ತದೆ.

ಕ್ಲಾಂಪಿನಿಂದ ಬಾಡಿಗೆ ಸಂಪರ್ಕ ಇದೆ ಎಂದು ಮಲ್ಟಿಮೀಟರ್ ಹೇಳಿತೆಂದು ಬರೆದಿದ್ದೀರಿ. ಆ ಸಂಪರ್ಕ ಯಾವ ದಾರಿಯದು ಎಂಬುದೇ ಪ್ರಶ್ನೆ. ಕೇಬಲ್ ರೇಡಿಯೊಗೆ ಜೋಡಿಸಿಕೊಂಡೇ ಇದ್ದರೆ, ಹೆಣಿಗೆಯಿಂದ ರೇಡಿಯೊದ ಪೆಟ್ಟಿಗೆಗೆ, ಅಲ್ಲಿಂದ ಕಪ್ಪು ತಂತಿಯಲ್ಲಿ ಬ್ಯಾಟರಿಗೆ, ಅಲ್ಲಿಂದ ಬಾಡಿಗೆ ಡಿ.ಸಿ. ಸುತ್ತಿ ಬಂದಿರುತ್ತದೆ. ಮೀಟರ್ ಸೊನ್ನೆ ಓಂ ತೋರಿಸುತ್ತದೆ, 145 ಮೆಗಾಹರ್ಟ್ಸಿಗೆ ಮಾತ್ರ ಆ ದಾರಿ ಇಲ್ಲದಂತೆಯೇ. ಈ ಆವರ್ತನದಲ್ಲಿ ಕಾಲು ತರಂಗ ಎಂದರೆ ಸುಮಾರು 50 ಸೆಂ.ಮೀ.; ಅಷ್ಟು ಉದ್ದದ ಅರ್ತ್ ತಂತಿಯ ಒಂದು ತುದಿಯನ್ನು ಬಾಡಿಗೆ ಗಟ್ಟಿಯಾಗಿ ಬಿಗಿದರೂ ಇನ್ನೊಂದು ತುದಿ ತೆರೆದ ತಂತಿಯಂತೆ ವರ್ತಿಸುತ್ತದೆ. ಆದ್ದರಿಂದ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ, ಒಂದು ಪ್ರೋಬನ್ನು ಸಾಕೆಟ್ಟಿನ ಹೊರಮೈಗೂ ಇನ್ನೊಂದನ್ನು ಕ್ಲಾಂಪಿನ ಪಕ್ಕದಲ್ಲಿಯೇ ಡಿಕ್ಕಿ ಬಾಗಿಲಿನ ಪೇಂಟಿಲ್ಲದ ಲೋಹಕ್ಕೂ ಮುಟ್ಟಿಸಿ ಮತ್ತೆ ಅಳೆಯಿರಿ. ಪ್ರೋಬುಗಳನ್ನು ಪರಸ್ಪರ ಮುಟ್ಟಿಸಿದಾಗ ಬರುವ ಅಂಕಿಗಿಂತ ಹೆಚ್ಚು ಬಂದರೆ, ಅಥವಾ ಕ್ಲಾಂಪನ್ನು ಕೈಯಿಂದ ಅಲುಗಾಡಿಸಿದಾಗ ಅಂಕಿ ನೆಗೆದರೆ, ನಿಮ್ಮ ಮೊದಲ ದೋಷ ಸಿಕ್ಕಿತು.

ನ್ಯಾನೋವಿಎನ್‌ಎ ಇರುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಉಪಕರಣವನ್ನು ರೇಡಿಯೊ ಕಡೆಯ ತುದಿಗೆ ಜೋಡಿಸಿ, ಪರದೆಯ ಮೇಲಿನ ಗೆರೆಯನ್ನು ನೋಡುತ್ತ ಕೇಬಲ್ಲನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಉದ್ದಕ್ಕೂ ಕೈ ಸರಿಸಿಕೊಂಡು ಹೋಗಿ. ಗ್ರೌಂಡ್ ಸರಿಯಾಗಿದ್ದರೆ ಗೆರೆ ಹಂದಾಡುವುದಿಲ್ಲ, ಏಕೆಂದರೆ ಕೇಬಲ್ಲಿನ ಹೊರಮೈಯಲ್ಲಿ ಹರಿಯುವಂಥದ್ದು ಏನೂ ಇರುವುದಿಲ್ಲ. ಕೈ ಸರಿದಂತೆ ಗೆರೆಯ ತಗ್ಗು (ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವ ಆವರ್ತನ) ಅತ್ತಿತ್ತ ಸರಿದರೆ ಹೊರಮೈಯಲ್ಲಿ ಕರೆಂಟ್ ಇದೆ, ಬುಡದಲ್ಲಿ ಗ್ರೌಂಡ್ ಇಲ್ಲ. ಇದನ್ನು ಒಣ ದಿನ ಒಮ್ಮೆ ಮಾಡಿ, ಬಳಿಕ ಮಗ್ಗಿನಲ್ಲಿ ನೀರು ತೆಗೆದುಕೊಂಡು ಒಂದೊಂದೇ ಜಾಗಕ್ಕೆ ಹುಯ್ಯುತ್ತ ಮತ್ತೆ ನೋಡಿ. ಕೆಳಗಿನ ಕೊಂಡಿಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು; ಮೇಲಿನಿಂದ ಹುಯ್ದರೆ ನೀರು ಎಲ್ಲ ಕಡೆಗೂ ಇಳಿದು ಯಾವ ಜಾಗ ತಪ್ಪಿತಸ್ಥ ಎಂಬುದು ತಿಳಿಯುವುದಿಲ್ಲ. ಯಾವ ಜಾಗ ನೆನೆದಾಗ ಗೆರೆ ಜಿಗಿಯಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಮಳೆಗಾಗಿ ಕಾಯಬೇಕಿಲ್ಲ.

ಕ್ಲಾಂಪಿನ ದುರಸ್ತಿ ಹೀಗಿರಲಿ. ಅದನ್ನು ಪೂರ್ತಿ ಬಿಚ್ಚಿ ಬಾಗಿಲಿನ ಅಂಚಿನ ಒಳಬದಿಯನ್ನು ನೋಡಿ. ಅಲೆನ್ ಕೀಲಿಯಿಂದ ಬಿಗಿಯುವ ಪುಟ್ಟ ಸ್ಕ್ರೂಗಳು ಪೇಂಟನ್ನು ಕೊರೆದು ಲೋಹವನ್ನು ಮುಟ್ಟಿದ್ದ ಜಾಗಗಳಲ್ಲಿ ಈಗ ಕೆಂಪು ಚುಕ್ಕೆಗಳು ಕಾಣಬಹುದು, ಸುತ್ತಲಿನ ಪೇಂಟ್ ಉಬ್ಬಿರಬಹುದು. ಕ್ಲಾಂಪನ್ನು ಹಳೆಯ ಜಾಗದಲ್ಲಿಯೇ ಇನ್ನಷ್ಟು ಬಿಗಿದು ಪ್ರಯೋಜನವಿಲ್ಲ. ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲಿನ ಹೊಸವಕ್ಕೆ ಬದಲಿಸಿ, ಬಿಗಿದು, ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆ ಸುತ್ತಲೂ ಗ್ರೀಸ್ ಅಥವಾ ಪೇಂಟ್ ಹಚ್ಚಿ ಮುಚ್ಚಿ. ಬಿಗಿದ ಮೇಲೆ ಹಚ್ಚಬೇಕು, ಮೊದಲಲ್ಲ. ಹಾಗೆಯೇ ನಿಮ್ಮ ಡಿಕ್ಕಿ ಬಾಗಿಲು ನಿಜಕ್ಕೂ ಉಕ್ಕಿನದೇ ಎಂದು ಒಂದು ಅಯಸ್ಕಾಂತ ಇಟ್ಟು ನೋಡಿಕೊಳ್ಳಿ. ಈಚಿನ ಕೆಲವು ಕಾರುಗಳಲ್ಲಿ ಅದು ಪ್ಲಾಸ್ಟಿಕ್ಕಿನದು, ಅಂಥ ಬಾಗಿಲಿನ ಮೇಲೆ ಕಾಲು ತರಂಗದ ವಿಪ್ಪಿಗೆ ನೆಲೆಯೇ ಇಲ್ಲ.

ಡಿಕ್ಕಿ ಬಾಗಿಲನ್ನು ಕಾರಿನ ಚಾವಣಿಗೆ ಸೇರಿಸುವುದು ಪೇಂಟ್ ಬಳಿದ, ಗ್ರೀಸ್ ತುಂಬಿದ ಎರಡು ಕೀಲುಗಳು ಮಾತ್ರ. ಉಳಿದೆಡೆ ಅದು ರಬ್ಬರ್ ಬೀಡಿಂಗಿನ ಮೇಲೆ ಕೂತಿರುತ್ತದೆ. 2 ಮೀಟರ್ ಬ್ಯಾಂಡಿಗೆ ಈ ಕೀಲಿನ ಪಾತ್ರ ಕ್ಲಾಂಪಿನ ಕಚ್ಚುವಿಕೆಯಷ್ಟು ದೊಡ್ಡದಲ್ಲ, ಏಕೆಂದರೆ ವಿಪ್ಪಿನ ಅಕ್ಕಪಕ್ಕ 50 ಸೆಂ.ಮೀ.ವರೆಗೆ ಬಾಗಿಲಿನ ತಗಡೇ ಸಿಗುತ್ತದೆ. ಆದರೂ ಎರಡೂ ಕೀಲುಗಳ ಪಕ್ಕದಲ್ಲಿ, ಬಾಗಿಲು ತೆರೆಯಲು ಬೇಕಾದಷ್ಟೇ ಉದ್ದದ ಅಗಲವಾದ ತಾಮ್ರದ ಹೆಣಿಗೆ ಪಟ್ಟಿಯನ್ನು ಲಗ್ ಹಾಕಿ ಬಿಗಿಯುವಂತೆ ನಾನು ಸಲಹೆ ಮಾಡುತ್ತೇನೆ. ಕುಲುಕಾಟದಲ್ಲಿ ಬಂದುಹೋಗುವ ಸಂಪರ್ಕದಿಂದ ಹುಟ್ಟುವ ಗರಗರ ಸದ್ದು ಅದರಿಂದ ನಿಲ್ಲುತ್ತದೆ, ಮತ್ತು ನಿಮ್ಮ 40 ಮೀಟರ್ ಯೋಜನೆಗೆ ಅದು ಬೇಕೇ ಬೇಕು.

ಇಷ್ಟು ಮುಗಿದ ಮೇಲೆ ವಿಪ್ಪಿನ ಸರದಿ. ಬುಡದ ಅಲೆನ್ ಸ್ಕ್ರೂ ಸಡಿಲವಾಗಿದೆಯೇ, ಮಡಚುವ ಕೀಲು ಇದ್ದರೆ ಅದರಲ್ಲಿ ಧೂಳು ತುಂಬಿದೆಯೇ, ನಡು ಪಿನ್ ಸಾಕೆಟ್ಟಿನ ಒಳಗೆ ಬಿಗಿಯಾಗಿ ಕೂರುತ್ತದೆಯೇ ಎಂದು ನೋಡಿ. ಸಾಕೆಟ್ಟಿನ ನಡುರಂಧ್ರದ ಎಸಳುಗಳು ಅಗಲವಾಗಿದ್ದರೆ ಚಿಕ್ಕ ಸ್ಕ್ರೂಡ್ರೈವರಿನ ಮೊನೆಯಿಂದ ಮೆಲ್ಲನೆ ಒಳಕ್ಕೆ ಒತ್ತಬಹುದು. ನಿಮ್ಮಂತೆಯೇ ಮಲ್ಟಿಮೀಟರ್ ಹಿಡಿಯುವ ಬೇರೆ ಓದುಗರಿಗೆ ಒಂದು ಮಾತು: ಕಾಲು ತರಂಗದ ಸರಳ ವಿಪ್ಪಿನಲ್ಲಿ ನಡುತಂತಿಗೂ ಹೊರಮೈಗೂ ಸಂಪರ್ಕ ಇರಬಾರದು, ಆದರೆ ಐದೆಂಟಂಶ (5/8) ತರಂಗದ ಅನೇಕ ಆಂಟೆನಾಗಳ ಬುಡದಲ್ಲಿ ಹೊಂದಾಣಿಕೆಯ ಸುರುಳಿ ಇದ್ದು ಅದು ಡಿ.ಸಿ.ಗೆ ಪೂರ್ತಿ ಶಾರ್ಟ್ ತೋರಿಸುತ್ತದೆ. ಅದು ದೋಷವಲ್ಲ, ಅದರ ರಚನೆಯೇ ಹಾಗೆ.

ನೀವು 1 ಸೆಂ.ಮೀ. ಕತ್ತರಿಸಿದ್ದರಿಂದ ಏನಾಗಿದೆ ಎಂದರೆ, 145 ಮೆಗಾಹರ್ಟ್ಸಿಗೆ ಸುಮಾರು 49 ಸೆಂ.ಮೀ. ಉದ್ದ ಬೇಕಿರುವಲ್ಲಿ 3.4 ಮಿ.ಮೀ. ಕಡಿಮೆಯಾದಾಗಲೆಲ್ಲ ಅನುರಣನೆ (ವಿಪ್ಪಿನ ಉದ್ದಕ್ಕೆ ಸರಿಹೊಂದುವ ಆವರ್ತನ) 1 ಮೆಗಾಹರ್ಟ್ಸ್ ಮೇಲೇರುತ್ತದೆ; ಹಾಗಾಗಿ ಈಗ ಅದು 148ರ ಹತ್ತಿರ ಕೂತಿರಬೇಕು. ಗಾಬರಿ ಬೇಡ. ಕಾಲು ತರಂಗದ ವಿಪ್ ಅಗಲವಾದ ಆವರ್ತನ ವ್ಯಾಪ್ತಿಯನ್ನು ಸಹಿಸುತ್ತದೆ, 144ರಿಂದ 146ರವರೆಗಿನ ನಮ್ಮ ಬ್ಯಾಂಡನ್ನಂತೂ ಸಲೀಸಾಗಿ ಒಳಗೊಳ್ಳುತ್ತದೆ. ಕ್ಲಾಂಪ್ ಮತ್ತು ಕೇಬಲ್ ಸರಿಯಾದ ಮೇಲೆ ಅಳೆದು ನೋಡಿ. ತಗ್ಗು ಇನ್ನೂ 147ರ ಆಚೆಗೇ ಇದ್ದರೆ ಬುಡದ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು ಕೆಲವು ಮಿ.ಮೀ. ಮೇಲಕ್ಕೆ ಎಳೆಯಿರಿ. ಅಷ್ಟು ಜಾಗ ಇಲ್ಲವಾದರೆ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಬ್ರೇಜಿಂಗ್ ರಾಡನ್ನು 52 ಸೆಂ.ಮೀ. ಉದ್ದಕ್ಕೆ ಇಟ್ಟುಕೊಂಡು ಪರೀಕ್ಷೆಯ ವಿಪ್ಪಾಗಿ ಬಳಸಿ, ತುದಿಯಿಂದ 2 ಮಿ.ಮೀ.ನಂತೆ ಕಡಿಮೆ ಮಾಡುತ್ತ ಬನ್ನಿ. ನಿಮ್ಮ ಕಾರಿಗೆ ಎಷ್ಟು ಉದ್ದ ಬೇಕೆಂಬುದು ಖಚಿತವಾದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯನ್ನು ಅಷ್ಟಕ್ಕೇ ಕತ್ತರಿಸಬಹುದು. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿ, ಒಂದು ಪ್ಲಾಸ್ಟಿಕ್ ಗುಂಡು ಹಾಕಿ. ಡಿಕ್ಕಿ ತೆಗೆಯುವವರ ಕಣ್ಣಿನ ಎತ್ತರಕ್ಕೆ ಅದು ಬರುತ್ತದೆ. ಪ್ರಸಾರ ನಡೆಯುವಾಗ ಯಾರೂ ವಿಪ್ಪನ್ನು ಮುಟ್ಟದಂತೆಯೂ ನೋಡಿಕೊಳ್ಳಿ, ಸುಟ್ಟಗಾಯ ಆಗಬಲ್ಲದು.

ನೀರು ಮತ್ತೆ ಒಳಗೆ ಇಳಿಯದಂತೆ ಮಾಡುವುದು ನಿಮ್ಮ ಊರಿನ ಮಳೆಗೆ ಅರ್ಧ ಕೆಲಸ. ಪಿಎಲ್-259 ಮತ್ತು ಎಸ್‌ಒ-239 ಜೋಡಿ ನೀರು ತಡೆಯಲೆಂದು ರೂಪಿಸಿದ್ದಲ್ಲ. ಮನೆಯ ವೈರಿಂಗಿಗೆ ಬಳಸುವ ಸಾಮಾನ್ಯ ಇನ್ಸುಲೇಷನ್ ಟೇಪು ಒಂದು ಬೇಸಿಗೆಯಲ್ಲಿ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ, ಮತ್ತು ಒಳಹೊಕ್ಕ ನೀರನ್ನು ಹೊರಬಿಡದೆ ಇನ್ನೂ ಹೆಚ್ಚು ಕೆಡುಕು ಮಾಡುತ್ತದೆ. ಎಳೆದು ಸುತ್ತಿದಾಗ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತಿ. ಅದರ ಮೇಲೆ ಬಿಸಿಲಿನಿಂದ ಕಾಪಾಡಲು ಸಾಮಾನ್ಯ ಟೇಪಿನ ಒಂದು ಪದರ ಇರಲಿ. ಕೇಬಲ್ ಕಾರಿನ ಒಳಗೆ ಪ್ರವೇಶಿಸುವ ಮೊದಲು ಅದಕ್ಕೆ ಒಂದು ಕೆಳಮುಖ ಬಾಗು ಕೊಡಿ, ಹನಿಗಳು ಅಲ್ಲಿಂದಲೇ ಉದುರಿಹೋಗಲಿ. ಇಷ್ಟಾದರೂ ಧಾರಾಕಾರ ಮಳೆಯಲ್ಲಿ ಬುಡದ ಪ್ಲಾಸ್ಟಿಕ್ಕಿನ ಮೇಲೆ ನೀರಿನ ಪದರ ನಿಂತು ಎಸ್‌ಡಬ್ಲ್ಯುಆರ್ 1.4ರಿಂದ 1.6ಕ್ಕೆ ಏರಿದರೆ ಅದನ್ನು ದೋಷವೆಂದು ಎಣಿಸಬೇಡಿ.

ಒಂದು ಪಕ್ಕದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ರಿಪೀಟರ್ ನಿಮ್ಮನ್ನು ಕೇಳುತ್ತದೆ, ನಿಮಗೆ ಮಾತ್ರ ಅದು ಸರಿಯಾಗಿ ಕೇಳಿಸುವುದಿಲ್ಲ ಎನ್ನುವ ಸ್ಥಿತಿ ಬಂದರೆ ಆಂಟೆನಾವನ್ನು ಬಿಟ್ಟು ಡ್ಯಾಶ್‌ಕ್ಯಾಮ್ ಮತ್ತು ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಕಿತ್ತು ನೋಡಿ. ವಿಎಚ್‌ಎಫ್‌ನಲ್ಲಿ ಕಾರಿನೊಳಗಿನ ಗದ್ದಲದ ದೊಡ್ಡ ಮೂಲ ಇವತ್ತು ಇವೇ.

ಕೊನೆಯದಾಗಿ ನಿಮ್ಮ 40 ಮೀಟರ್ ಪ್ರಶ್ನೆ. ಇದೇ ಕ್ಲಾಂಪಿನ ಮೇಲೆ, ಈಗಿರುವ ಸ್ಥಿತಿಯಲ್ಲಿ, ಬೇಡ. 7 ಮೆಗಾಹರ್ಟ್ಸಿನಲ್ಲಿ ಕಾಲು ತರಂಗ ಸುಮಾರು 10 ಮೀಟರ್. ಕಾರಿನ ಮೇಲೆ ನಿಲ್ಲಿಸಬಹುದಾದದ್ದು ಎರಡು ಎರಡೂವರೆ ಮೀಟರ್. ಅಷ್ಟು ಚಿಕ್ಕ ಆಂಟೆನಾದ ವಿಕಿರಣ ಪ್ರತಿರೋಧ (ಗಾಳಿಗೆ ಸೇರುವ ಶಕ್ತಿಯ ಪಾಲನ್ನು ಸೂಚಿಸುವ ಓಂ) ಎರಡು ಮೂರು ಓಂ ದಾಟುವುದು ಕಷ್ಟ. ಅದಕ್ಕೆ ಲೋಡಿಂಗ್ ಸುರುಳಿಯ (ಉದ್ದದ ಕೊರತೆ ತುಂಬಲು ಹಾಕುವ ಸುರುಳಿ) ನಷ್ಟ ಮತ್ತು ಗ್ರೌಂಡಿನ ನಷ್ಟ ಸೇರಿ, ಚೆನ್ನಾಗಿ ಅಳವಡಿಸಿದ ಆಂಟೆನಾ ಬುಡದಲ್ಲಿ 15ರಿಂದ 25 ಓಂ ತೋರಿಸುತ್ತದೆ. ಅಂದರೆ ಹೊಂದಾಣಿಕೆಯ ವ್ಯವಸ್ಥೆ ಇಲ್ಲದಿದ್ದಾಗ ಎಸ್‌ಡಬ್ಲ್ಯುಆರ್ 2ರಿಂದ 3ರವರೆಗೆ ಬರುವುದೇ ಅಲ್ಲಿ ಶುಭಸೂಚನೆ. ಅಂಥ ಆಂಟೆನಾ ಏನೂ ಮಾಡದೆ 1.1 ತೋರಿಸಿತೆಂದರೆ ಒಟ್ಟು ಪ್ರತಿರೋಧ 50 ಓಂ ಹತ್ತಿರ ಬಂದಿದೆ, ಅದರಲ್ಲಿ ಗಾಳಿಗೆ ಸೇರುವುದು ಎರಡೋ ಮೂರೋ ಓಂ ಪಾಲಿನದು, ಉಳಿದದ್ದೆಲ್ಲ ಶಾಖ. ಡಿಕ್ಕಿಯ ಕೀಲುಗಳಿಗೆ ಪಟ್ಟಿ ಬಿಗಿದ ಮೇಲೆ ಎಸ್‌ಡಬ್ಲ್ಯುಆರ್ ಏರಿದರೆ ಸಂತೋಷಪಡಿ: ನಷ್ಟ ಕಡಿಮೆಯಾಗಿದೆ. ಬಳಿಕ ಬುಡದಿಂದ ಬಾಡಿಗೆ ಒಂದು ಚಿಕ್ಕ ಷಂಟ್ ಸುರುಳಿ ಹಾಕಿ, ಅದರ ಸುತ್ತುಗಳನ್ನು ಹಿಗ್ಗಿಸಿ ಕುಗ್ಗಿಸಿ 50 ಓಂಗೆ ಹೊಂದಿಸಿಕೊಳ್ಳಬಹುದು.

ಮ್ಯಾಗ್ನೆಟ್ ಮೌಂಟಿನ ಮೇಲೆ 40 ಮೀಟರ್ ಆಂಟೆನಾ ಇಡುವ ಆಲೋಚನೆಯೂ ಬೇಡ. ಅಯಸ್ಕಾಂತದ ಬುಡಕ್ಕೂ ಚಾವಣಿಗೂ ನಡುವೆ ಪೇಂಟ್ ಇರುವುದರಿಂದ ಅಲ್ಲಿನ ಸಂಪರ್ಕ ಕೆಪ್ಯಾಸಿಟರಿನ ಮೂಲಕ ಮಾತ್ರ. ಅದನ್ನು 500 ಪೈಕೊಫ್ಯಾರಡ್ ಎಂದು ಇಟ್ಟುಕೊಂಡರೆ 145 ಮೆಗಾಹರ್ಟ್ಸಿಗೆ ಅದು ಕೇವಲ 2 ಓಂ ಅಡ್ಡಿ, 7 ಮೆಗಾಹರ್ಟ್ಸಿಗೆ 45 ಓಂ. 2 ಮೀಟರಿಗೆ ಮಾತ್ರ, ಚಾವಣಿಯ ನಡುವೆ ಇಟ್ಟ ಒಳ್ಳೆಯ ಮ್ಯಾಗ್ನೆಟ್ ಮೌಂಟ್ ನಿಮ್ಮ ಡಿಕ್ಕಿ ಕ್ಲಾಂಪಿಗಿಂತ ಚೆನ್ನಾಗಿಯೇ ಕೆಲಸ ಮಾಡೀತು. ಗೆಳೆಯರಿಂದ ಒಂದನ್ನು ಎರವಲು ತಂದು, ನಿಮ್ಮ ದುರಸ್ತಿ ಮುಗಿದ ಮೇಲೆ ಅದೇ ಬಯಲಿನಲ್ಲಿ, ಅದೇ ರಿಪೀಟರಿನ ಮೇಲೆ, ಅತಿ ಕಡಿಮೆ ಪವರಿನಲ್ಲಿ ಎರಡನ್ನೂ ಹೋಲಿಸಿ ವರದಿ ಕೇಳಿ. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲವೆಂದು ವರದಿ ಬಂದರೆ ನಿಮ್ಮ ಕ್ಲಾಂಪ್, ಕೇಬಲ್, ವಿಪ್ ಮೂರೂ ಸರಿಯಾಗಿವೆ. ವ್ಯತ್ಯಾಸ ದೊಡ್ಡದಾಗಿದ್ದರೆ ಮತ್ತೆ ಕ್ಲಾಂಪಿನ ಸ್ಕ್ರೂಗಳ ಹತ್ತಿರವೇ ಹೋಗಿ.